ಹದಿನೈದು ದಿನದ ಗುಳಿಗಿ

ಜೂನ್ ೧೧, ಮಂಗಳವಾರ

ಏಳೂವರಿಗೆ ಔಷಧ ಅಂಗಡಿ ಶೆಟರ್ ಎತ್ತಿದೆ. ಹಾನಗಲ್ ಬಸ್‌ಸ್ಟ್ಯಾಂಡಿನ ಗದ್ದಲ ಎಂದಿನಂಗ — ನೆಗಡಿ, ಜ್ವರ, ಹುಡುಗೂರ ವಾಂತಿ. ಹನ್ನೊಂದಕ್ಕ ಹೆಂಡ್ತಿ ಶೀಲಾ ಮನಿಯಿಂದ ಫೋನ್ ಮಾಡಿದ್ಲು. ಅಕ್ಕನ ಕೈ ಮತ್ತ ನಡಗಾಕತ್ತೈತಂತ. ಸೂಜಿಗೆ ದಾರಾ ಪೋಣಸಾಕ ಆಗ್ಲಿಲ್ಲಂತ. ಕೌದಿ ಅರ್ಧಕ್ಕ ಮಡಚಿ ಇಟ್ಲಂತ.

ನಲವತ್ತ ವರ್ಷ ಕೌದಿ ಹೊಲದ ಕೈ ಅದು. ಅವ್ವ ಸತ್ತಾಗ ನನಗ ಆರು, ಮಹಾದೇವಕ್ಕಗ ಹತ್ತೊಂಬತ್ತು. ಕೌದಿ ಹೊಲದನ ನನ್ನ ಡಿ.ಫಾರ್ಮ್ ಓದಿಸಿದ್ಲು.

ಸಂಜಿಗೆ ಅಕ್ಕಗ ಒಂದ ಚ್ಯಾಷ್ಟಿ ಮಾತ ಹೇಳಿದೆ. ನಗಲಿಲ್ಲ. ಮಾರಿ ಹಲಗಿ ಆದಂಗ ಆಗೇತಿ. "ವಯಸ್ಸಾತು, ಅಷ್ಟ" ಅಂದೆ ಶೀಲಾಗ. "ಅರವತ್ತೆರಡು ಯಾತರ ವಯಸ್ಸರೀ?" ಅಂದ್ಲು.

ಜೂನ್ ೧೯, ಬುಧವಾರ

ಹುಬ್ಬಳ್ಳಿ. ನರದ ಡಾಕ್ಟ್ರು ಅಕ್ಕನ್ನ ನಡಿಸಿ ನೋಡಿದ್ರು, ಹೆಬ್ಬೆರಳಿಗೆ ತೋರಬೆರಳ ಬಡಿಸಿ ನೋಡಿದ್ರು. ಪಾರ್ಕಿನ್ಸನ್ಸ್. ಮಿದುಳಿನ್ಯಾಗ ಡೋಪಮಿನ್ ಅನ್ನೂದು ಕಡಿಮಿ ಆಗೇತಂತ. ವಾಸಿ ಆಗೂದಲ್ಲ, ಹಿಡತದಾಗ ಇಡಬಹುದಂತ; ಅದಕ್ಕ ಗುಳಿಗಿ ಬರದಕೊಟ್ರು.

"ಬ್ಯಾರೆ ಗುಳಿಗಿ ಏನರ ತಗೋತಾರ?"

"ಗ್ಯಾಸಿಂದು ಒಂದ ಐತ್ರಿ ಸರ್."

ಯಾವುದು ಅಂತ ಅವರು ಕೇಳಲಿಲ್ಲ. ಹೊರಗ ನಲವತ್ತ ಮಂದಿ ಕುಂತಿದ್ರು. ನಾನೂ ಹೇಳಲಿಲ್ಲ — ಹೇಳಬೇಕಂತ ಹೊಳೀಲೇ ಇಲ್ಲ. ಇದು ಖರೇ.

ಬಸ್ಸಿನ್ಯಾಗ ಅಕ್ಕ: "ವಾಸಿ ಆಗೂದಿಲ್ಲ ಅಂದ್ರಲ್ಲೋ?"

"ಔಷಧ ಅದಾವಕ್ಕಾ."

"ಹೂಂ. ನೀ ಅದಿ, ನಿನ್ನ ಅಂಗಡಿ ಐತಿ. ನನಗ್ಯಾತರ ಚಿಂತಿ."

ಜುಲೈ ೨೪

ಅಕ್ಕ ಬಚ್ಚಲದಾಗ ಬಿದ್ಲು. ಹಣಿ ಒಡದೈತಿ, ಎರಡ ಹೊಲಿಗಿ. ಒಂದ ರೊಟ್ಟಿ ತಿನ್ನಾಕ ಮುಕ್ಕಾಲ ತಾಸು. ಅಂಗಡಿಗೆ ಹೊತ್ತಾಗಿತ್ತು… "ಲಗೂನ ನುಂಗಕ್ಕಾ!" ಅಂತ ಒದರಿದೆ. ನನ್ನ ನೋಡಿದ್ಲು. ಸಿಟ್ಟೋ, ಸಂಕಟೋ, ಆ ಮಾರಿ ಮ್ಯಾಲ ಈಗ ಏನೂ ತಿಳಿಯೂದಿಲ್ಲ. ಅರ್ಧ ರೊಟ್ಟಿ ತಾಟಿನ್ಯಾಗ ಬಿಟ್ಲು.

ರಾತ್ರಿ ಊಟಕ್ಕ ಮೊದಲ ಗ್ಯಾಸಿನ ಕ್ಯಾಪ್ಸೂಲ್ ನಾನ ಕೈಯಾರೆ ಕೊಟ್ಟೆ. ಎಂದಿನಂಗ.

ಆಗಸ್ಟ್ ೧೮, ರವಿವಾರ

ಶಿಗ್ಗಾಂವಿಯೊಳಗ ಕ್ಯಾಂಪ್, ಅಕ್ಕನ್ನ ಕರಕೊಂಡ ಹೋಗಿದ್ದೆ. ಡಾ. ಸಂಘಮಿತ್ರಾ ಅಂತ, ಹುಬ್ಬಳ್ಳಿಯಾವ್ರು, ಪಾರ್ಕಿನ್ಸನ್ಸ್ ಮತ್ತ ಅದರಂಗ ಕಾಣೂ ರೋಗಗಳ ಮ್ಯಾಲ ಸಂಶೋಧನಾ ಮಾಡಾಕತ್ತಾರ. ಕೈಯಿಂದು, ನಡಿಗಿದು ವಿಡಿಯೋ ತಗೊಂಡ್ರು. ಆಮ್ಯಾಲ ಎಲ್ಲಾರನೂ ಕುಂಡ್ರಿಸಿ ಮಾತಾಡಿದ್ರು.

"ನಡಗೂದೆಲ್ಲಾ ಪಾರ್ಕಿನ್ಸನ್ಸ್ ಅಲ್ರೀ. ಗ್ಯಾಸಿಗೆ, ವಾಂತಿಗೆ, ತಲಿ ತಿರಗೂದಕ್ಕ ಕೊಡೂ ಕೆಲವು ಗುಳಿಗಿ ಡೋಪಮಿನ್ ಕೆಲಸಕ್ಕನ ಅಡ್ಡ ನಿಲ್ತಾವು. ತಿಂಗಳಗಟ್ಟಲೆ ತಗೊಂಡ್ರ ಥೇಟ್ ಇದರಂಗ ಕಾಣ್ತದ. ಗುಳಿಗಿ ಬಿಡಿಸಿದ್ರ ಭಾಳ ಮಂದಿಗೆ ಇಳೀತದ. ಅದಕ್ಕ ಎರಡ ವರ್ಷದ ಎಲ್ಲಾ ಗುಳಿಗಿ ಹೆಸರು ನನಗ ಬೇಕು."

ಅಂಗಿ ಕಿಸೇದಾಗ ಅಕ್ಕನ ಮಧ್ಯಾಹ್ನದ ಕ್ಯಾಪ್ಸೂಲ್ ಇತ್ತು.

ನನ್ನ ಮುಂದ ಫಾರಂ ಬಂತು — ಬ್ಯಾರೆ ಗುಳಿಗಿ ಏನರ ತಗೊಂಡಾರೇನು ಅಂತ. ಮೇಡಂ ಅಕ್ಕನ್ನ ಕೇಳಿದ್ರು. ಅಕ್ಕ, ಆ ಸಣ್ಣ ದನಿಯೊಳಗ: "ನಮ್ಮ ಚನ್ನೇಶ ಔಷಧ ಅಂಗಡ್ಯಾಂವ್ರೀ. ಅವಂಗೆಲ್ಲಾ ಗೊತ್ತೈತಿ."

ಮೇಡಂ ನನ್ನ ಕಡೆ ನಕ್ರು. "ಹಂಗಾರ ನಮ್ಮ ಕೆಲಸ ಹಗರಾತು."

"ಇಲ್ಲ" ಅಂತ ಬರದೆ. ಕೆಳಗ ಸಹಿ ಮಾಡಿದೆ.

ಆಗಸ್ಟ್ ೧೯

ಮುಂಜಾನೆ ಏಳಕ್ಕ ಅಂಗಡಿ ತಗದು ಅರ್ಧ ಶೆಟರ್ ಹಾಕ್ಕೊಂಡ ಕುಂತೆ. ಡಬ್ಬಿಯೊಳಗಿನ ಚೀಟಿ ಓದಿದೆ. ಎರಡ ಔಷಧ ಕೂಡಿಸಿದ ಕ್ಯಾಪ್ಸೂಲ್. ಎರಡನೇದ್ದು ಲೆವೊಸಲ್ಪಿರೈಡ್, ಮೇಡಂ ಹೇಳಿದಂಗ ಡೋಪಮಿನ್‌ಗೆ ಅಡ್ಡ ನಿಲ್ಲೂವಂಥಾದ್ದು. ಸಣ್ಣ ಅಕ್ಷರದಾಗ ಎಲ್ಲಾ ಬರದೈತಿ — ನಡುಕ, ಬಿಗಿತ. ಕಾಲೇಜಿನ್ಯಾಗ ಓದಿದ್ದ. ಪರೀಕ್ಷಾದಾಗ ಬರದಿದ್ದ.

ಮೂರು ವರ್ಷದ ಹಿಂದ ಹೊಟ್ಟಿ ಉಬ್ಬರಕ್ಕ ಡಾಕ್ಟ್ರು ಬರದದ್ದು ಹದಿನೈದು ದಿನಕ್ಕ. ಅಕ್ಕಗ ಹಗರ ಅನಿಸ್ತು. ಆಮ್ಯಾಲ ಯಾರೂ ಬರೀಲಿಲ್ಲ. ನಾನ ಕೊಟಕೊಂತ ಬಂದೆ. ದಿನಾ ಎರಡು.

ಇವತ್ತ ಮಧ್ಯಾಹ್ನದಿಂದ ಅಕ್ಕಗ ಆ ಎರಡನೇದ್ದಿಲ್ಲದ ಕ್ಯಾಪ್ಸೂಲ್ ಕೊಟ್ಟೆ. "ಬಣ್ಣ ಬ್ಯಾರೆ ಐತಲ್ಲ?" ಅಂದ್ಲು. "ಕಂಪನಿ ಬ್ಯಾರೆ" ಅಂದೆ. ನುಂಗಿದ್ಲು.

ಆಗಸ್ಟ್ ೩೦

ಬಾಜೂ ಮನಿ ಫರ್ಹತನ್ನ ಕರಸಿ ಅಕ್ಕ ಕೌದಿ ಬಟ್ಟಿ ಗಂಟೆಲ್ಲಾ ಕೊಟ್ಟಬಿಟ್ಲು. "ನನಗಿನ್ನ ಹೊಲಿಯೂದು ಮುಗೀತವ್ವಾ." ಫರ್ಹತ ಅತ್ಲು. ನಾ ಬಾಗಲದಾಗ ನಿಂತಿದ್ದೆ. ಗಂಟ ಹೊತ್ತ ಹೊರಟಾಗ ಸರದ ದಾರಿ ಬಿಟ್ಟೆ.

ಅಕ್ಟೋಬರ್ ೬

ಹಾಸಿಗ್ಯಾಗ ತಾನ ಮಗ್ಗಲಾ ಹೊಳ್ಳಿದ್ಲಂತ. ಶೀಲಾ ಓಡಿ ಬಂದ ಹೇಳಿದ್ಲು.

ಅಕ್ಟೋಬರ್ ೩೦

ಅಕ್ಕ ನಕ್ಕಳು. ಪಲ್ಯಾದಾಗ ಉಪ್ಪ ಹಾಕೂದ ಮರತದ್ದಕ್ಕ ಶೀಲಾನ್ನ ಬೈದು, ಆಮ್ಯಾಲ ನಕ್ಕಳು. ಶೀಲಾ ತಾರಕೇಶ್ವರಗ ಕಾಯಿ ಒಡಿಸಿ ಬಂದ್ಲು. ಎಲ್ಲಾರೂ ಹುಬ್ಬಳ್ಳಿ ಡಾಕ್ಟ್ರನ್ನ ಹೊಗಳಾಕತ್ತಾರ. "ನೀವೂ ಭಾಳ ಓಡ್ಯಾಡಿದ್ರಿ" ಅಂತ ಶೀಲಾ ನನಗ ಇನ್ನೊಂದ ಹೋಳಿಗಿ ಹಾಕಿದ್ಲು. ತಿಂದೆ.

ನವೆಂಬರ್ ೧೩, ಬುಧವಾರ

ಡಾ. ಸಂಘಮಿತ್ರಾ ಫೋನ್. ನಾವು ಕಳಸಿದ ಅಕ್ಕನ ಹೊಸ ವಿಡಿಯೋ ನೋಡ್ಯಾರ.

"ಇಷ್ಟ ಸುಧಾರಿಸೂದು ಅಪರೂಪರೀ. ಏನರ ಬದಲ ಮಾಡೀರೇನು?"

"ಇಲ್ರೀ ಮೇಡಂ."

"ಹಂಗಾರ ಪಾರ್ಕಿನ್ಸನ್ಸ್ ಗುಳಿಗೀನ ಚಲೋ ಹಿಡದೈತಿ. ಉಳದ ನಡುಕಾನೂ ಇಳೀಲಿ, ನಿಮ್ಮ ಡಾಕ್ಟ್ರ ಜೋಡಿ ಮಾತಾಡಿ ಡೋಸ್ ಸ್ವಲ್ಪ ಏರಿಸೋಣು. ನಾನೂ ಹಂಗ ಬರಕೋತೇನಿ."

"ಹೂಂರೀ" ಅಂದೆ. ಹೂಂ ಅಂದೆ!

ನವೆಂಬರ್ ೨೭

ಡೋಸ್ ಏರಿಸಿ ಹತ್ತ ದಿನ. ಅಕ್ಕ ತಿಂದದ್ದೆಲ್ಲಾ ಕಾರಾಕತ್ತಾಳ. ಇವತ್ತ ಮುಂಜಾನೆ ಚಾ ಕೊಡಾಕ ಹ್ವಾದೆ. ಮೂಲಿ ಕಡೆ ಬೆರಳ ಮಾಡಿ — "ಅವ್ವ ಬಂದ ಕುಂತಾಳ, ನೋಡು. ಆಕಿಗೂ ಒಂದ ಕಪ್ ಕೊಡು." ಶೀಲಾ ಗಾಬರ್ಯಾಗಿ ನನ್ನ ತೋಳ ಹಿಡಕೊಂಡ್ಲು.

ಮಧ್ಯಾಹ್ನ ಅಂಗಡಿಗೆ ತಿಳವಳ್ಳಿ ತಿಪ್ಪವ್ವ ಬಂದ್ಲು. ಗಂಡ ಉಳಿವೆಪ್ಪಗ ಅದ ಗ್ಯಾಸಿನ ಕ್ಯಾಪ್ಸೂಲ್, ನಾಕ ವರ್ಷದಿಂದ ನನ್ನ ಕಡಿಂದನ. ಗದ್ದಿ ಬದುವಿನ ಮ್ಯಾಲ ಬಿದ್ದು ಟೊಂಕದ ಎಲುವ ಮುರದೈತಂತ. "ಮಾತೂ ತೊದಲ್ತಾವ್ರೀ. ಮಂದಿ ಅರಳು ಮರಳು ಅಂತಾರ. ನಾನೂ ಒಮ್ಮೊಮ್ಮೆ ಬೈತೇನಿ."

ಬ್ಯಾರೆ ಕ್ಯಾಪ್ಸೂಲ್ ಕಟ್ಟಿ ಕೊಟ್ಟೆ. ರೊಕ್ಕ ಎಣಿಸಿ ತಗೊಂಡೆ. ಆಕಿ ಕೈ ಮುಗದು ಹ್ವಾದ್ಲು.

ಡಿಸೆಂಬರ್ ೧, ರವಿವಾರ

ಅಕ್ಕಗ ಹೇಳಿದೆ. ಮನಿ ಮುಂದಿನ ಕಟ್ಟಿ ಮ್ಯಾಲ ಬಿಸಲಿಗೆ ಕುಂತಿದ್ಲು. ತಿಳವಳ್ಳಿ ಉಳಿವೆಪ್ಪಂದೂ ಸೇರಿಸಿ ಎಲ್ಲಾ ಹೇಳಿದೆ.

"ಗೊತ್ತಿದ್ದ ಕೊಟ್ಟಿಯೇನು?"

"ಇಲ್ಲಕ್ಕಾ. ಗೊತ್ತಿರಬೇಕಿತ್ತು."

"ಎಂದ ಗೊತ್ತಾತು?"

"ಶಿಗ್ಗಾಂವಿಗೆ ಹ್ವಾದಾಗ."

ಬೆರಳ ಮಡಚಿ ತಿಂಗಳ ಎಣಿಸಿದ್ಲು. ನಿಧಾನಕ್ಕ.

"ದಿನಾ ಮುಂಜಾನೆ ನನ್ನ ಮುಂದ ಕುಂತ ಚಾ ಕುಡದಿ."

ಕಟ್ಟಿ ಇಳದು ಆಕಿ ಕಾಲ ಹತ್ರ ಕುಂತೆ.

"ನಾ ಸಾಯೂದಕ್ಕ ಮನಸ್ಸ ಗಟ್ಟಿ ಮಾಡ್ಕೊಂಡಿದ್ನೋ. ಬಟ್ಟಿ ಗಂಟ ಫರ್ಹತಗ ಕೊಟ್ಟೆ. ನೀ ನಿಂತ ನೋಡಿದಿ. ಗುಳಿಗಿ ಕೊಟ್ಟದ್ದಕ್ಕ ನಾ ಏನೂ ಅನ್ನೂದಿಲ್ಲ. ಅದು ನೋಡಿ ಸುಮ್ಮನಿದ್ದಿಯಲ್ಲ…"

ಕಾಲ ಹಿಡದೆ. ಎಳಕೊಂಡ್ಲು. ನಾ ಆರು ವರ್ಷದಾಂವ ಇದ್ದಾಗಿಂದ ಒಮ್ಮೆನೂ ಹಂಗ ಎಳಕೊಂಡಾಕಿ ಅಲ್ಲ.

"ತಿಳವಳ್ಳಿ ಉಳಿವೆಪ್ಪಗ ಹೇಳಿದಿ?"

"ಇಲ್ಲ."

"ನನ್ನ ಮುಂದ ಅತ್ರ ಏನ ಬಂತು. ನಾ ಮನ್ಯಾಕಿ, ಎಲ್ಲಿ ಹೋಗಲಿ. ಅವರ ಮನಿಗೆ ಹೋಗು. ನಾಳೆನ ಹೋಗು."

ಡಿಸೆಂಬರ್ ೨

ತಿಳವಳ್ಳಿ. ಅಂಗಳದಾಗ ಗೋವಿನಜೋಳ ಒಣಗಾಕ ಹಾಕಿದ್ರು. ಉಳಿವೆಪ್ಪ ಮಂಚದ ಮ್ಯಾಲ, ಮಾರಿ ಹಲಗಿ. ಹೇಳಿದೆ. ತಿಪ್ಪವ್ವ ಒದರಲಿಲ್ಲ.

"ನಾವು ಬಾಯಿಲೆ ಕೇಳಿದ್ವಿ, ನೀವ ಕೊಟ್ರಿ. ಓದಿದಾವ್ರು ನೀವ. ನಾನು ಇವನ್ನ ಎಷ್ಟ ಬೈದೇನ್ರೀ… ನಾಟಕ ಮಾಡ್ತಿ ಅಂತ ಬೈದೇನಿ."

ಉಳಿವೆಪ್ಪ ಬಾಯಿ ತಗದ: "ನನಗ… ಹುಚ್ಚಲ್ಲ… ಹಂಗಾರ?"

"ಅಲ್ಲ ಕಾಕಾ. ಹುಚ್ಚಲ್ಲ."

ಕಣ್ಣಾಗ ನೀರ ಬಂತು. ಮಾರಿ ಮಾತ್ರ ಹಂಗ ಇತ್ತು. ತಿಪ್ಪವ್ವ ಸೆರಗಿಲೆ ಒರಸಿದ್ಲು. ನಾ ಎದ್ದ ಹೊರಡೂ ಹೊತ್ತಿಗೆ ಮತ್ತ ಕೇಳಿದ — "ಮತ್ತ… ಯಾರ್ಯಾರಿಗೆ… ಕೊಟ್ಟಿ?"

ವಾಪಸ್ ಬಂದು ಅಂಗಡ್ಯಾಗ ಕುಂತ ನೆನಪ ಮಾಡಿದೆ. ಹನ್ನೊಂದ ಹೆಸರಾದ್ವು.

ಡಿಸೆಂಬರ್ ೩

ಮೇಡಂಗ ಫೋನ್ ಮಾಡಿ ಹೇಳಿದೆ.

"ಆ ವಿಡಿಯೋ ತೋರಿಸಿ ನಾನು ಪಾಠ ಮಾಡೀನ್ರೀ, ಚನ್ನೇಶ."

ಆಮ್ಯಾಲ ಕೆಲಸದ ಮಾತು. ಅಕ್ಕನ ಡೋಸ್ ಇವತ್ತ ಇಳಿಸೂದು. ಫಾರಂ ತಿದ್ದೂದು. ಹನ್ನೊಂದೂ ಮಂದೀನ ಅವರ ಹತ್ರ ಕಳಸೂದು, ನಾನಾಗಿ ಏನೂ ಬದಲ ಮಾಡಬಾರದು. "ಔಷಧ ನಿಯಂತ್ರಣದವರಿಗೂ ನಾನು ಬರೀಬೇಕಾಗ್ತದ. ಗೊತ್ತೈತಲ್ಲ?"

"ಗೊತ್ತೈತ್ರೀ. ಬರೀರಿ."

ಶೀಲಾಗೂ ಹೇಳಿದೆ. ನನ್ನ ಜೋಡಿ ಮಾತ ಬಿಟ್ಟಾಳ.

ಡಿಸೆಂಬರ್ ೮, ರವಿವಾರ. ಹತ್ತಿಮತ್ತೂರು, ೧೦.೪೦

ಅಂಗಡಿ ಮುಚ್ಚಿ ಐದು ದಿನ, ಆ ಹನ್ನೊಂದ ಮಂದಿ ಮನಿ ತಿರಗಾಕತ್ತೇನಿ. ಹಿರೇಕೆರೂರು, ರಟ್ಟೀಹಳ್ಳಿ, ಬಂಕಾಪುರ ಆತು. ಒಂದ ಮನ್ಯಾಗ ಚಾ ಕೊಟ್ರು. ಒಂದ ಮನ್ಯಾಗ ಮಗ ಎದಿ ಮ್ಯಾಲಿನ ಅಂಗಿ ಹಿಡದ, ಗ್ವಾಡಿಗೆ ನೂಕಿದ. ಇಬ್ಬರಿಗೆ ಏನೂ ಆಗಿಲ್ಲ — ಅವರ ಮುಂದನ ಅತ್ತುಬಿಟ್ಟೆ, ಅವರಿಗೆ ಯಾಕ ಅಂತ ತಿಳೀಲಿಲ್ಲ.

ಅಕ್ಕಗ ಅವ್ವ ಕಾಣೂದು ನಿಂತೈತಿ. ಎಡಗೈ ಇನ್ನೂ ನಡಗತೈತಿ. ಒಳಗ ಖರೇ ರೋಗಾನೂ ಇರಬಹುದು, ಗುಳಿಗಿ ಅದನ್ನ ಹೊತ್ತಿಗೆ ಮೊದಲ ಹೊರಗ ತಂದಿರಬಹುದು, ಒಂದ ವರ್ಷ ನೋಡಿದ್ರ ತಿಳೀತದ ಅಂದ್ರು ಮೇಡಂ. ಒಂದ ವರ್ಷ. ಅಕ್ಕ ನನ್ನ ಕೈಯಿಂದ ಗುಳಿಗಿ ತಗೊಳ್ಳೂದಿಲ್ಲ ಈಗ. ಶೀಲಾ ಕೊಡ್ತಾಳ.

ಇದು ಏಳನೇ ಮನಿ. ನೂರಜಹಾನ, ಐವತ್ತೆಂಟು. ಹಾನಗಲ್ಲಿನ್ಯಾಗಿರೂ ಮಗಳು ತಿಂಗಳಾ ತಿಂಗಳಾ ಅದ ಕ್ಯಾಪ್ಸೂಲ್ ಒಯ್ತಿದ್ಲು. ಎರಡೂವರಿ ವರ್ಷ. ಕಟ್ಟಿ ಮ್ಯಾಲ ಕುಂತ ಬರ್ಯಾಕತ್ತೇನಿ, ಬಾಗಲಾ ಬಡದೇನಿ. ಒಳಗಿಂದ "ಕೋನ್, ಯಾರದು?" ಅಂದ್ರು. ಸಣ್ಣ ದನಿ, ಏರಿಲ್ಲ, ಇಳಿವಿಲ್ಲ. ಬರಾಕತ್ತಾರ. ಚಪ್ಪಲಿ ನೆಲಕ್ಕ ತಿಕ್ಕೂ ಸಪ್ಪಳ, ಸಣ್ಣ ಸಣ್ಣ ಹೆಜ್ಜಿ… ಎಷ್ಟ ಹೊತ್ತ ಹಿಡೀತು ನೋಡು ಬಾಗಲತನಾ ಬರಾಕ. ಚಿಲಕಾ ತಗ್ಯಾಕತ್ತಾರ, ಬೆರಳಿಗೆ ಸಿಗವಲ್ದು. ಮೊದಲನೇ ಮಾತ ಏನಂತ ಹೇಳಲಿ… ಬಾಗಲಾ ತೆರೀತು.