ಒಂದು ವರ್ಷದ ಹಣ, ಹದಿನೈದು ವರ್ಷದ ಬಾಂಡ್

೧೪ ಜೂನ್, ಮಂಗಳವಾರ

ಬ್ಯಾಂಕಿನ ಸಲಹೆಗಾರನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ತಂಗಿಯ ಎರಡೂ ಮಂಡಿಗಳ ಆಪರೇಷನ್ನಿಗೆಂದು ಎತ್ತಿಟ್ಟ ಹಣವನ್ನು ಕಳೆದ ವರ್ಷ ಅವನ ಮಾತು ನಂಬಿ ಬಾಂಡ್ ಫಂಡಿಗೆ ಹಾಕಿದ್ದೆ. ವರ್ಷದೊಳಗೆ ಬೇಕು ಎಂದು ಎರಡು ಸಲ ಹೇಳಿದ್ದೆ. ಇವತ್ತು ತೆಗೆಯಲು ಹೋದರೆ ನೂರಕ್ಕೆ ಒಂಬತ್ತು ರೂಪಾಯಿ ಕರಗಿದೆ.

“ಬಡ್ಡಿ ದರ ಏರ್ತಲ್ಲ ಮೇಡಂ, ಹಳೇ ಬಾಂಡ್‌ಗಳ ಬೆಲೆ ಇಳಿಯುತ್ತೆ. ಇವು ಹದಿನೈದು ವರ್ಷದವು, ಜಾಸ್ತೀನೇ ಇಳಿಯುತ್ತೆ. ಇನ್ನೊಂದೈದು ವರ್ಷ ಬಿಟ್ಬಿಡಿ, ಸರಿಹೋಗುತ್ತೆ,” ಅಂದ.

“ಅವಳ ಮಂಡಿ ಐದು ವರ್ಷ ಕಾಯುತ್ತಾ?” ಎಂದೆ. ಅದಕ್ಕೆ ನಕ್ಕ.

ಮೂವತ್ತು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ರೋಗ ಯಾವುದೆಂದು ಕೇಳದೆ ಮಾತ್ರೆ ಕೊಟ್ಟಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದರು. ಇವನಂತೂ ಕೇಳಿಸಿಕೊಂಡೂ ಕೊಟ್ಟ. ಬೇಗ ಬೇಕಾದ ಹಣಕ್ಕೆ ಲಿಕ್ವಿಡ್ ಫಂಡೋ ಒಂದು ವರ್ಷದ ಎಫ್‌ಡಿಯೋ ಸಾಕಿತ್ತು ಎಂದು ಪಕ್ಕದ ಕೌಂಟರಿನಾಕೆ ತಗ್ಗಿದ ದನಿಯಲ್ಲಿ ಹೇಳಿದಳು. ಅವುಗಳಲ್ಲಿ ಕಮಿಷನ್ ಕಡಿಮೆಯಂತೆ.

ಮ್ಯಾನೇಜರ್ ಎದುರಿಗೇ ಕೂತು ದೂರು ಬರೆದು, ಪ್ರತಿಗೆ ಸೀಲು ಹಾಕಿಸಿಕೊಂಡೆ. ಉಳಿದ ಹಣವನ್ನೆಲ್ಲ ವಾಪಸ್ ಪಡೆಯಲು ಸಹಿ ಮಾಡಿದೆ. ಕಡಿಮೆ ಬಿದ್ದದ್ದಕ್ಕೆ ನನ್ನ ಎಫ್‌ಡಿ ಮುರಿಸುತ್ತೇನೆ.

ಮನೆಗೆ ಬಂದು ಹೇಳಿದರೆ ತಂಗಿ, “ಹೋಗ್ಲಿ ಬಿಡಕ್ಕ, ಸದ್ಯಕ್ಕೆ ಒಂದೇ ಮಂಡಿ ಮಾಡಿಸ್ಕೋತೀನಿ,” ಅಂದಳು. ಅಷ್ಟು ಸಲೀಸಾಗಿ ಅಂದಳಲ್ಲ, ಅದೇ ನನ್ನನ್ನು ಸುಡುತ್ತಿದೆ. ಸಂಜೆಯೇ ಡಾಕ್ಟರಿಗೆ ಫೋನ್ ಮಾಡಿ ಎರಡಕ್ಕೂ ದಿನ ಗೊತ್ತು ಮಾಡಿದೆ. ಅರ್ಧ ವಾಸಿಯಾದರೆ ಸಾಕು ಎಂದು ಅವಳು ಯಾಕೆ ಒಪ್ಪಬೇಕು?