ಎರಡು ತಿಂಗಳ ಅಂತರ

ಭಾನುವಾರ, ಮಧ್ಯಾಹ್ನ

ನನ್ನ ಪಾಪುಗೆ,

ಇಪ್ಪತ್ತೊಂಬತ್ತು ವರ್ಷದ ನರ್ಸಮ್ಮನನ್ನು ಇನ್ನೂ ಪಾಪು ಎನ್ನುವ ನಿನ್ನ ಅಕ್ಕ ಬರೆಯುತ್ತಿರುವ ಕಾಗದ. ನೀನು ಫೋನ್ ಎತ್ತುವುದಿಲ್ಲ, ಸರಿ. ಇದನ್ನಾದರೂ ಹರಿಯುವ ಮುನ್ನ ಓದು.

ನಾನಿಲ್ಲಿಗೆ ಬಂದು ಆರು ವಾರವಾಯಿತು. ಅಮ್ಮ ಹುಟ್ಟಿದ ದೇಶ ಎಂದು ಚಿಕ್ಕಂದಿನಿಂದ ಕೇಳಿದ್ದೆವಲ್ಲ, ಅದರ ಒಂದು ಬೀದಿಯಲ್ಲಿ, ಲಾಂಡ್ರಿಯ ಮೇಲಿನ ಕೋಣೆಯಲ್ಲಿದ್ದೇನೆ. ಕೆಳಗೆ ಯಂತ್ರ ತಿರುಗಿದರೆ ನನ್ನ ಮಂಚವೂ ನಡುಗುತ್ತದೆ. ಕೆಲಸ ಅದೇ ಹೊಲಿಗೆ. ಕೊಂಡು ತಂದ ಬಟ್ಟೆಗಳನ್ನು ಗಿರಾಕಿಯ ಅಳತೆಗೆ ಸರಿಮಾಡುವುದು. ಮೊದಲ ದಿನ ಅಂಗಡಿಯ ಯಜಮಾನಿ ನನ್ನ ಪಾಸ್‌ಪೋರ್ಟ್ ನೋಡಿ, "ಹಾಗಾದ್ರೆ ನಮ್ಮವಳೇ ನೀನು, ಪರ್ಮಿಟ್ ತಲೆನೋವಿಲ್ಲ," ಎಂದಳು. ನನಗೆ ಇಲ್ಲಿಯ ಮಾತು ಇನ್ನೂ ಅರ್ಧಂಬರ್ಧ, ತಲೆಯಾಡಿಸಿದೆ. ನೀನಾಗಿದ್ದರೆ ಪಟಪಟನೆ ಉತ್ತರ ಕೊಡುತ್ತಿದ್ದೆ. ಎರಡು ವರ್ಷ ಕ್ಲಾಸಿಗೆ ಹೋಗಿ ಕಲಿತವಳು ನೀನು.

ಈ ಪಾಸ್‌ಪೋರ್ಟ್ ನಿನ್ನ ದುಡಿಮೆ ಎಂದು ನನಗೆ ಗೊತ್ತು. ಅಮ್ಮನ ಜನನ ಪತ್ರ ಹುಡುಕಿಸಿದ್ದು, ಅನುವಾದ ಮಾಡಿಸಿದ್ದು, ಅರ್ಜಿ ತುಂಬಿದ್ದು ಎಲ್ಲ ನೀನೇ. ಇಲ್ಲಿಯ ಆಸ್ಪತ್ರೆಯಲ್ಲಿ ನಿನಗೆ ಕೆಲಸವೂ ನಿಗದಿಯಾಗಿತ್ತು. ದೂತಾವಾಸಕ್ಕೆ ನಾನು ಬಂದದ್ದು ಬರೀ ಜೊತೆಗೆ. "ನಿಂದೂ ಒಂದು ಹಾಕು, ಇರಲಿ," ಎಂದು ನೀನೇ ಪೆನ್ನು ಕೊಟ್ಟೆ. ಕೌಂಟರಿನಾಕೆ ಅಮ್ಮನ ಹಳೆಯ ಕಡತ ತಿರುವಿ, "ದೊಡ್ಡವರದ್ದು ಆಗುತ್ತೆ. ಚಿಕ್ಕವರದ್ದು ಆಗಲ್ಲ," ಎಂದಳು. ನೀನು ಹುಟ್ಟುವ ಎರಡು ತಿಂಗಳ ಮುಂಚೆ ಅಮ್ಮ ಅಪ್ಪನ ದೇಶದ ಪೌರತ್ವ ತೆಗೆದುಕೊಂಡು, ತನ್ನದನ್ನು ಬಿಟ್ಟುಕೊಟ್ಟಿದ್ದಳು. ನಾನು ಹುಟ್ಟಿದಾಗ ಅವಳು ಇಲ್ಲಿಯವಳು. ನೀನು ಹುಟ್ಟುವ ಹೊತ್ತಿಗೆ ಆ ಹಕ್ಕು ಹೋಗಿತ್ತು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಕ್ಷಣ ನಿನ್ನ ಭುಜ ಹಿಡಿದುಕೊಂಡೆನಲ್ಲ, ನನಗೆ ಒಳಗೊಳಗೆ ಖುಷಿಯಾಗಿತ್ತು ಕಣೇ. ಮೂವತ್ತೈದು ವರ್ಷದಲ್ಲಿ ಯಾರೂ ನನಗೆ ನಿಂದು ಆಗುತ್ತೆ ಎಂದಿರಲಿಲ್ಲ. ಮೊದಲು ನಾನು ಹೋಗಿ ಆಮೇಲೆ ನಿನ್ನನ್ನು ಕರೆಸಿಕೊಳ್ಳುತ್ತೇನೆ ಎಂದದ್ದು ಸುಳ್ಳು. ತಂಗಿಯನ್ನು ಕರೆಸಲು ಬರುವುದಿಲ್ಲವೆಂದು ಹೊರಡುವ ಮೊದಲೇ ವಿಚಾರಿಸಿ ತಿಳಿದುಕೊಂಡಿದ್ದೆ. ನನಗೆ ಬರಬೇಕೆನಿಸಿತು, ಬಂದೆ.

ನನ್ನ ಮೇಲೆ ಸಿಟ್ಟಿರಲಿ. ಅಮ್ಮನ ಮೇಲೆ ಬೇಡ. "ಅಷ್ಟೇನು ಅವಸರ ಇತ್ತು ನಿಂಗೆ? ಇನ್ನೆರಡು ತಿಂಗಳು ತಡ್ಕೊಳ್ಳೋಕೆ ಆಗ್ಲಿಲ್ವಾ?" ಎಂದು ನೀನು ಕೂಗಿದಾಗ ಅವಳು ಒಣಗಿದ ಟವೆಲ್ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸಿದಳು. ನೀನು ಅವತ್ತೇ ನರ್ಸುಗಳ ಹಾಸ್ಟೆಲಿಗೆ ಹೊರಟುಹೋದೆ. ನಾಲ್ಕು ತಿಂಗಳಾಯಿತು. ಒಮ್ಮೆ ಮನೆಗೆ ಹೋಗಿ ಬಾ.

ನಿನ್ನ ಮುಖ ನೋಡಲು ಕಾದಿರುವ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ನಾನು ಹೊರಡುವ ಹಿಂದಿನ ದಿನ ಅಮ್ಮ ಆಣೆ ಹಾಕಿಸಿಕೊಂಡು ಒಂದು ವಿಷಯ ಹೇಳಿದಳು. ನೀನು ಹೊಟ್ಟೆಯಲ್ಲಿದ್ದಾಗ ಅವಳ ರಕ್ತಕ್ಕೂ ನಿನ್ನ ರಕ್ತಕ್ಕೂ ಹೊಂದಿಕೆಯಾಗಲಿಲ್ಲವಂತೆ. ಹುಟ್ಟಿದ ಕೂಡಲೇ ಮಗುವಿನ ರಕ್ತ ಬದಲಿಸದಿದ್ದರೆ ಉಳಿಯುವುದು ಕಷ್ಟ ಎಂದರಂತೆ ಡಾಕ್ಟರು. ಅದೇನೆಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆ ಸೌಲಭ್ಯವಿದ್ದದ್ದು ಒಂದೇ ಆಸ್ಪತ್ರೆಯಲ್ಲಿ, ಆಗ ಅಲ್ಲಿ ದೇಶದ ಪ್ರಜೆಗಳನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಏಳನೇ ತಿಂಗಳಲ್ಲಿ ಅಮ್ಮ ಹೋಗಿ ಪೌರತ್ವದ ಕಾಗದಕ್ಕೆ ರುಜು ಹಾಕಿ ಬಂದಳು. "ಅವಳಿಗೆ ಹೇಳ್ಬೇಡ. ಎಲ್ಲಾ ನನ್ನಿಂದಲೇ ಆಯ್ತು ಅಂತ ಕೊರಗ್ತಾಳೆ. ನನ್ ಮೇಲೆ ಸಿಟ್ಟು ಮಾಡ್ಕೊಂಡೇ ಇರ್ಲಿ ಬಿಡು," ಎಂದಳು.

ಆಣೆ ಮುರಿದಿದ್ದೇನೆ. ಅವಳಿಗೆ ಗೊತ್ತಾಗುವುದು ಬೇಡ. ಹೋದಾಗ ಕ್ಷಮೆ ಗಿಮೆ ಕೇಳಲು ಹೋಗಬೇಡ. ಬಾಗಿಲು ತೆಗೆದಳೆಂದರೆ, ಹಸಿವಾಗ್ತಿದೆ ಅಮ್ಮ ಅನ್ನು. ಸಾಕು.