ಎರಡು ಮನೆಯ ಜಾಡಿ

ಕೋಲಾರ
ಬುಧವಾರ

ಅಪ್ಪಾ,

ನೀವು ಹೇಳಿದಂತೆ ಭಾನುವಾರ ಯಲ್ದೂರಿಗೆ ಬಂದಿದ್ದಾಗ ನಮ್ಮ ಪಕ್ಕದ ಚಿಕ್ಕಪ್ಪನ ಮನೆಗೆ ಹೋಗಿ, ಅಮ್ಮನ ಉಪ್ಪಿನಕಾಯಿ ಜಾಡಿಯನ್ನು ವಾಪಸ್ಸು ಕೇಳಿದೆ. ಪ್ರತಿ ಬೇಸಿಗೆಯಲ್ಲೂ ಅವರ ಮರದ ಮಾವಿನಕಾಯಿ, ನಮ್ಮ ಮನೆಯ ಖಾರದಪುಡಿ ಸೇರುತ್ತಿದ್ದದ್ದು ಅದೊಂದರಲ್ಲೇ. ಅಮ್ಮ ಹೋದ ಮೇಲೂ ಅದು ತಪ್ಪಿರಲಿಲ್ಲ. ಭಾರತಮ್ಮ ಚಿಕ್ಕಮ್ಮ ತಮ್ಮ ಪಾಲನ್ನು ಪ್ಲಾಸ್ಟಿಕ್ ಡಬ್ಬಕ್ಕೆ ತೆಗೆದುಕೊಂಡು, ನಮ್ಮ ಪಾಲನ್ನು ಜಾಡಿಯಲ್ಲೇ ಬಿಟ್ಟು ಕೊಟ್ಟರು. “ತಗೊಂಡೋಗಮ್ಮಾ. ನಿಮ್ಮಪ್ಪ ದೇಶಾನೇ ಗೆದ್ದವ್ರೆ, ಈ ಜಾಡಿ ಯಾವ ಲೆಕ್ಕ?” ಅಂದರು. ಚಿಕ್ಕಪ್ಪ ಹೊರಗೇ ಬರಲಿಲ್ಲ.

ಚುನಾವಣೆಯ ಫಲಿತಾಂಶ ಬಂದ ದಿನ ನೀವು ಅವರ ಗೇಟಿನ ಮುಂದೆಯೇ ಪಟಾಕಿ ಹಚ್ಚಿದಿರಿ. ಅವರು ಸೋತ ಪಕ್ಷಕ್ಕೆ ವೋಟು ಹಾಕಿದ್ದರು ಎಂಬುದಷ್ಟೇ ಕಾರಣ. ಮರುದಿನ ನಾನು ಪಾಠ ಮಾಡುವ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ, ಇದು ಐತಿಹಾಸಿಕ ಚುನಾವಣೆ, ಇನ್ನು ದೇಶವೆಲ್ಲ ಒಂದಾಗಬೇಕು ಎಂದು ಭಾಷಣ ಮಾಡಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಂಬಿ ಹೇಳಿದೆನೋ, ಕೇಳಲು ಚೆನ್ನಾಗಿರುತ್ತದೆ ಎಂದು ಹೇಳಿದೆನೋ, ಈಗ ನನಗೇ ತಿಳಿಯುತ್ತಿಲ್ಲ.

ಜಾಡಿಯನ್ನು ನಿಮಗೆ ಕೊಡದೆ ಬಸ್ಸಿನಲ್ಲಿ ಇಲ್ಲಿಗೆ ತಂದಿದ್ದೇನೆ. ಬರುವ ಭಾನುವಾರ ಯಲ್ದೂರಿಗೆ ತರುತ್ತೇನೆ. ನೀವೇ ಎತ್ತಿಕೊಂಡು ಹೋಗಿ ಅವರ ಮನೆಯಲ್ಲಿಟ್ಟು ಬನ್ನಿ. ಒಬ್ಬರೇ ಹೋಗಲು ಮುಜುಗರವಾದರೆ ನಾನೂ ಜೊತೆಗೆ ಬರುತ್ತೇನೆ. ಆ ದಿನ ನೀವು ಕೇಳಿದ ತಕ್ಷಣ ಒಳಗಿನಿಂದ ಬೆಂಕಿಪೊಟ್ಟಣ ತಂದುಕೊಟ್ಟವಳು ನಾನೇ.

ನಿಮ್ಮ ಮಗಳು
ಶೋಭಾರಾಣಿ